ಸಾಬೂದಾನಿ ನೆನೆಯುವ ತನಕ

ಘಟ್ಟದ ಪ್ರವಾಸಕ್ಕೆ ಬೇಕಾಗಿರುವುದು ಎರಡೇ: ಯೋಜನೆ ಮತ್ತು ಶಿಸ್ತು. ಇವೆರಡೂ ನನ್ನಲ್ಲಿ ಬೇಕಾದಷ್ಟಿವೆ ಎಂದು ಜಮಖಂಡಿಯ ನಮ್ಮ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಹೆಂಡತಿ ಸುನಂದಾಗೆ ಮದುವೆಯಾದಾಗಿನಿಂದ ಒಂದೇ ಆಸೆ, ಅಂಬೋಲಿ ಜಲಪಾತ ನೋಡಬೇಕು. ಶ್ರಾವಣದ ಒಂದು ಸೋಮವಾರ ರಜೆ ಹಾಕಿದೆ. ಬೆಳಕಿರುವಾಗಲೇ ಅವಳನ್ನು ಜಲಪಾತದ ಮುಂದೆ ನಿಲ್ಲಿಸುತ್ತೇನೆಂದು ಮಾತು ಕೊಟ್ಟೆ. ದಾರಿಯಲ್ಲಿ ಹಳೇ ಗೆಳೆಯರಿಬ್ಬರ ಮನೆ, ತಲಾ ಹತ್ತೇ ನಿಮಿಷ!

ಮೊದಲನೆಯವನು ಬನಹಟ್ಟಿಯ ಮಲ್ಲೇಶಿ, ಮಗ್ಗದವನು. ಅವನ ಮನೆಯಲ್ಲಿ ಉಪ್ಪಿಟ್ಟು, ಚಹಾ, ಮತ್ತೆ ಚಹಾ ಆಯಿತು. ಎದ್ದೆವು. ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ಅಕ್ಕಾರಿಗೆ ಉಡಿ ತುಂಬದ ಹೆಂಗ ಕಳಸೂದ್ರಿ?”

ಅಕ್ಕಿ ಬಂತು, ತೆಂಗಿನಕಾಯಿ ಬಂತು. ಕುಬಸದ ಖಣ ಇಲ್ಲ! ಓಣಿ ತುಂಬ ಮಗ್ಗಗಳು ಖಟಖಟ ಎಂದು ಸೀರೆ ನೇಯುತ್ತಿವೆ, ಈ ಮನೆಯಲ್ಲಿ ಒಂದು ತುಂಡು ಖಣ ಇಲ್ಲ! ಮಲ್ಲೇಶಿ ಅಂಗಡಿ ತೆರೆಯುವುದನ್ನು ಕಾಯಲು ಹೋದ. ನಾನು ಹಲ್ಲು ಕಡಿಯುತ್ತ ಕೂತೆ.

ಅಂತೂ ಹೊರಟಾಗ ಸುನಂದಾ ಹೇಳಿದಳು, “ನಿಪ್ಪಾಣ್ಯಾಗರೆ ಲಗೂನ ಏಳ್ರಿ. ಕತ್ತಲಾದ್ರ ನಾ ಏನ ನೋಡ್ಲಿ?”

“ಅಲ್ಲೆ ನಾ ಉಪವಾಸ ಅಂತ ಹೇಳ್ತೀನಿ. ಊಟದ ಮಾತ ಬರೂದಿಲ್ಲ,” ಎಂದೆ. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ನಿಪ್ಪಾಣಿಯ ಗೆಳೆಯ ರಾಮಗೊಂಡನ ತಾಯಿ ಹೋಳಿಗೆ ಮಾಡಿ ತಾಟು ಇಟ್ಟೇ ಬಿಟ್ಟಿದ್ದರು. ಕೈಮುಗಿದು, ಧ್ವನಿಗೆ ಭಕ್ತಿ ತುಂಬಿಕೊಂಡು ಹೇಳಿದೆ, “ಅವ್ವಾರ, ಶ್ರಾವಣ ಸೋಮವಾರ. ನನಗ ಉಪವಾಸರಿ.”

ಮುದುಕಿಯ ಕಣ್ಣಲ್ಲಿ ನೀರೇ ಬಂತು. “ಎಂಥಾ ಛಲೋ ಹುಡುಗ ನೋಡ! ಉಪವಾಸದಾಂವನ್ನ ಬರೇ ಹೊಟ್ಟೀಲೆ ಕಳಸಿದ್ರ ಶಿವ ಮೆಚ್ಚತಾನೇನು? ಲೇ ರಾಮ್ಯಾ, ಸಾಬೂದಾನಿ ನೆನಿ ಇಡಾಕ ಹೇಳ!”

ಸಾಬೂದಾನಿ ನೆನೆಯಬೇಕಂತೆ! ಅದರಪ್ಪನ ಗಂಟೇನು ಹೋಗಬೇಕಾಗಿತ್ತು? ನಿಧಾನಕ್ಕೆ ನೆನೆಯಿತು. ಅಲ್ಲಿಯ ತನಕ ಕುದಿಸಿದ ಗೆಣಸು, ಶೇಂಗಾ ಉಂಡಿ, ಬಾಳೆಹಣ್ಣು, ಒಂದು ತಂಬಿಗೆ ಕೆನೆಹಾಲು. ಸುನಂದಾ ಒಂದು ಹೋಳಿಗೆ ತಿಂದು ಕೈತೊಳೆದು, ಒಮ್ಮೆ ಗಡಿಯಾರವನ್ನೂ ಒಮ್ಮೆ ನನ್ನನ್ನೂ ದುರುಗುಟ್ಟಿ ನೋಡುತ್ತಿದ್ದಳು. ಕಡೆಗೆ ತುಪ್ಪದಲ್ಲಿ ಮಿಂದ ಖಿಚಡಿ ಬಂತು. “ಸಾಕ್ರಿ” ಎಂದೆ. “ಉಪವಾಸದಾಗ ನಾಚಬಾರದೋ ತಮ್ಮಾ!” ಎಂದು ಇನ್ನೊಂದು ಸೌಟು ಬಿತ್ತು. ಊಟ ಮಾಡಿದ ದಿನವೂ ನಾನು ಇಷ್ಟು ತಿಂದವನಲ್ಲ!

ಆಜರಾ ದಾಟಿದ ಮೇಲೆ ಗುಡ್ಡದ ತಿರುವುಗಳು ಶುರುವಾದವು. ನೋಟ ಚೆಂದವಿದ್ದಲ್ಲೆಲ್ಲ ಗಾಡಿ ನಿಲ್ಲಿಸಿದೆ. ನೋಡುವುದಕ್ಕಲ್ಲ! ಕಣಿವೆ, ಮೋಡ, ಹಸಿರು ಎಲ್ಲಕ್ಕೂ ಬೆನ್ನು ಮಾಡಿ ಗಟಾರದ ಮುಂದೆ ಬಾಗುವುದಕ್ಕೆ. ಸುನಂದಾ ನನ್ನ ಬೆನ್ನು ತಿಕ್ಕುತ್ತ ಹೇಳಿದಳು, “ಉಪವಾಸ ಇದ್ದಾವ್ರು ಇಷ್ಟ ವಾಂತಿ ಮಾಡಿದ್ದು ನಾ ಎಲ್ಲೂ ನೋಡಿಲ್ರಿ.”

ಜಲಪಾತ ಮುಟ್ಟಿದಾಗ ಕತ್ತಲು. ಬರೀ ಧೋ ಎನ್ನುವ ಸದ್ದು.

“ಕೇಳಸ್ತೇನ? ಎಂಥಾ ಸಪ್ಪಳ!” ಎಂದೆ.

“ಸಪ್ಪಳಾ ಕೇಳೂದಿದ್ರ ಮನ್ಯಾಗ ನಳಾ ಬಿಡ್ತಿದ್ನೆಲ್ರಿ!”

ಅವಳು ಅಳುತ್ತಿದ್ದಳು. ನನ್ನ ಮೇಲೆ ನನಗೇ ಸಿಟ್ಟು ಬಂತು, ಸಾಬೂದಾನಿಯ ಮೇಲೆ ಇನ್ನೂ ಹೆಚ್ಚು.

ಅಲ್ಲೇ ಲಾಡ್ಜಿನಲ್ಲಿ ಉಳಿದೆವು. ಬೆಳಿಗ್ಗೆ “ನಡಿ, ತೋರಸ್ತೀನಿ!” ಎಂದು ವೀರಾವೇಶದಿಂದ ಎದ್ದೆ. ಹೊಟ್ಟೆ ಒಪ್ಪಲಿಲ್ಲ, ಮತ್ತೆ ಬಿದ್ದುಕೊಂಡೆ. ಸುನಂದಾ ಲಿಂಬು ಪಾನಕವನ್ನು ತಲೆದಿಂಬಿನ ಬಳಿ ಇಟ್ಟು, ರಿಕ್ಷಾ ಹಿಡಿದು ಒಬ್ಬಳೇ ಹೋದಳು. ತಿರುಗಿ ಬಂದಾಗ ಸೀರೆ ತೊಯ್ದು ತೊಪ್ಪೆಯಾಗಿತ್ತು, ಮುಖ ಅರಳಿತ್ತು.

“ಏನ ಛಂದ ಐತ್ರಿ! ನೋಡ್ರಿಲ್ಲೆ.”

ರಗ್ಗಿನಿಂದ ಮುಖ ಹೊರಗೆ ಹಾಕಿದೆ. ಜಲಪಾತ ತೋರಿಸಲು ಹೆಂಡತಿಯನ್ನು ಕರೆತಂದ ಮಹಾಶಯನಿಗೆ ಹೆಂಡತಿಯೇ ಜಲಪಾತ ತೋರಿಸಿದಳು, ಮೊಬೈಲಿನಲ್ಲಿ! ಅದನ್ನೂ ಪೂರ್ತಿ ನೋಡಲಾಗಲಿಲ್ಲ. ನೀರು ಸುರಿಯುವುದನ್ನು ಕಂಡದ್ದೇ ತಡ, ನಾನು ಮತ್ತೆ ಬಚ್ಚಲಿಗೆ ಓಡಿದೆ.