ಡಾರ್ ಹುಳದ ವಂಶಾವಳಿ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಸೋದರಮಾವ ಬರುವುದು ಹತ್ತು ನಿಮಿಷ ತಡವಾಯಿತೆಂದು, ಥಾಣೆಯ ಘೋಡಬಂದರ್ ರಸ್ತೆಯ ಒಂದು ವಸತಿ ಸೊಸೈಟಿಯ ಕಮಿಟಿ ಮುಂದೆ ನಾನು ಅವರದೇ ಮಿಮಿಕ್ರಿ ಮಾಡಿದೆ. ಯಾರಾದರೂ ನಕ್ಕರೆ ಸಾಕು, ನನ್ನ ನಾಲಿಗೆಗೆ ಬ್ರೇಕ್ ಇಲ್ಲ!

ಆದರೆ ಹೇಳಿ, ಇಂಥ ಮಾವ ಸಿಕ್ಕರೆ ನೀವಾದರೂ ಬಿಡುತ್ತಿದ್ದಿರೇ? ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಅವರದು ಪೆಸ್ಟ್ ಕಂಟ್ರೋಲ್ ಕೆಲಸ; ಲೆಕ್ಕ ಬರೆಯಲು ಜೊತೆಗೆ ನಾನು. ಹುಳದ ಹೆಸರು ಹುಟ್ಟಿದ್ದು ಹೇಗೆಂದು ಹೇಳದೆ ಅದರ ಮೇಲೆ ಒಂದು ಹನಿ ಔಷಧ ಬಿಡುವವರಲ್ಲ. ಯಾರೋ ಗಿರಾಕಿ ಮನೆ ಖಾಲಿ ಮಾಡುವಾಗ ಕೊಟ್ಟ ದಪ್ಪ ಇಂಗ್ಲಿಷ್ ನಿಘಂಟೇ ಅವರ ವೇದ. ಮನೆಯವರು ಪಾತ್ರೆ, ಮಕ್ಕಳನ್ನೆಲ್ಲ ಎತ್ತಿಕೊಂಡು ಹೊರಗೆ ನಿಂತಿರಬೇಕು; ಒಳಗೆ ಜಿರಳೆಗಳು ಉಪನ್ಯಾಸ ಕೇಳಿಯೇ ಅರ್ಧ ಸತ್ತಿರಬೇಕು!

ಆ ಜೂನ್‌ನಲ್ಲಿ ಸೊಸೈಟಿಯ ಬಾಲ್ಕನಿಗಳಿಗೆ ಕಂದು ದುಂಬಿಗಳು ಮುತ್ತಿದ್ದವು. ಅಲ್ಲಿ ವರ್ಷದ ಕೆಲಸ ಸಿಕ್ಕರೆ, ಬೆನ್ನ ಮೇಲೆ ಔಷಧದ ಪಂಪು ಹೊತ್ತು ಲೋಕಲ್ ರೈಲಿಗೆ ಜೋತುಬೀಳುವುದು ತಪ್ಪಿ ಮಾವನಿಗೊಂದು ಹಳೆ ಸ್ಕೂಟರ್ ಬರುವುದಿತ್ತು. ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿದೆ, ದುಂಬಿಯಂತೆ ಗುಂಯ್ ಎಂದೆ, ಹಿಂದಿನ ದಿನವಷ್ಟೇ ಅವರಿಂದ ಕೇಳಿದ್ದ ಪಾಠ ಒಪ್ಪಿಸಿದೆ. ಕಮಿಟಿ ಬಿದ್ದು ಬಿದ್ದು ನಕ್ಕಿತು.

ಮಾವ ಬಂದರು. ಕನ್ನಡಕ ಮೂಗಿನ ತುದಿಗೆ ಇಳಿಸಿದರು.

“ಇದರ ಹಳೇ ಇಂಗ್ಲಿಷ್ ಹೆಸರು ಡಾರ್. ಮೊದಲು ಗುಂಯ್ ಅನ್ನುವ ಜೇನಿನ ಜಾತಿಗೆ ಹಾಗೆ ಹೇಳ್ತಿದ್ರು, ಆಮೇಲೆ ಮುಸ್ಸಂಜೆ ಹಾರುವ ಇದಕ್ಕೂ ಅದೇ ಆಯ್ತು. ಆ ಗುಂಯ್‌ನಿಂದಲೇ ಹೆಸರು ಹುಟ್ಟಿದ್ದಂತೆ. ನಮ್ಮಲ್ಲೂ ಹಾಗೇ ಅಲ್ವಾ? ಹೂವಿಗೆ ಬರುದೂ ದುಂಬಿ, ಗೋಡೆಗೆ ಬಡಿಯುದೂ ದುಂಬಿ!”

ಅಕ್ಷರಶಃ ನನ್ನದೇ ಭಾಷಣ! ಕಮಿಟಿ ಮೇಜು ತಟ್ಟಿ ನಕ್ಕಿತು. ಮಾವ ನನ್ನ ಮುಖ ನೋಡಿದರು, ಅವರಿಗೆ ಅರ್ಥವಾಯಿತು.

“ಡಾರ್ ಅಂದ್ರೆ ಗೇಲಿ ಮಾಡುದು ಅಂತಲೂ ಉಂಟು,” ಎಂದರು ತಣ್ಣಗೆ. “ಅದರ ಮೂಲ ಬೇರೆ. ಉದಾಹರಣೆ ಆ ಕುರ್ಚಿಯಲ್ಲಿ ಕೂತಿದೆ.”

ಧಾರವಾಡ ಕಡೆಯವರಾದ ಸೊಸೈಟಿಯ ಚೇರ್ಮನ್ನರು ಕಣ್ಣೊರೆಸಿಕೊಂಡರು. “ಅದೆಲ್ಲಾ ಇರ್ಲಿ ಬಿಡ್ರಿ. ಔಷಧ ಹೊಡ್ಯೂದು ಯಾವಾಗ?”

“ಹೊಡೆಯುದು ಬೇಡ ಮಾರಾಯ್ರೆ. ಮಳೆ ಹಿಡಿಯುವಾಗ ಬರ್ತವೆ, ಹೋಗ್ತವೆ. ಎಂಟು ದಿನ ಸಂಜೆ ಬಾಲ್ಕನಿ ಲೈಟ್ ಬಂದ್ ಇಡಿ, ಸಾಕು.”

“ಮತ್ತ ನಿಮಗ ಕೆಲಸಾ ಯಾಕ ಕೊಡಬೇಕ್ರಿ?”

“ಕೊಡ್ಬೇಡಿ.”

ಪಂಪು ಹೆಗಲಿಗೇರಿಸಿ ಹೊರಟೇಬಿಟ್ಟರು! ಥಾಣೆ ಸ್ಟೇಷನ್ನಿನವರೆಗೆ ನಾನು ಅವರ ಹಿಂದೆ ಹಿಂದೆಯೇ ಓಡಿದೆ. ಪ್ಲಾಟ್‌ಫಾರ್ಮಿನಲ್ಲಿ ಪಂಪು ಕಿತ್ತುಕೊಂಡು ನಾನೇ ಹೊತ್ತೆ. ಮಾವನ ಬಾಗಿದ ನಡಿಗೆಯನ್ನು ಎಷ್ಟು ಮನೆಗಳಲ್ಲಿ ಮಾಡಿ ತೋರಿಸಿ ನಗಿಸಿದ್ದೆ! ಆ ಪಂಪು ಅಷ್ಟು ಭಾರವೆಂದು ಅವತ್ತೇ ಗೊತ್ತಾದದ್ದು.

ಒಂಬತ್ತನೆಯ ದಿನ ಚೇರ್ಮನ್ನರ ಫೋನು. ಮಾವ ಸ್ಪೀಕರ್ ಹಾಕಿದರು.

“ನಿಮ್ಮ ಡಾರ್ ಹೋದ್ವು ನೋಡ್ರಿ! ಖರೇ ಹೇಳೋ ಮನಷ್ಯಾ ನೀವು. ವರ್ಷದ ಕೆಲಸಾ ನಿಮ್ಮದs. ಆದ್ರ ಪಾಠಾ ಹೇಳಾಕ ಮಾತ್ರ ಆ ಹುಡುಗನ್ನ ಕಳಸ್ರಿ, ಅಂವಾ ನಿಮಗಿಂತ ಛಲೋ ಹೇಳ್ತಾನ!”

ನನ್ನ ಎದೆ ಉಬ್ಬಿತು. ಮಾವನ ಮುಖ ನೋಡಿ ಹಾಗೇ ಇಳಿಯಿತು. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಫೋನಿಗೆ ಹೇಳಿದರು:

“ಅವನೂ ಬರ್ತಾನೆ, ನಾನೂ ಬರ್ತೇನೆ. ಗುಂಯ್ ಅನ್ನುದು ಅವನು, ಅರ್ಥ ಹೇಳುದು ನಾನು. ಆಗುದಿಲ್ಲ ಅಂದ್ರೆ ಹೇಳಿ, ಹೋದ ಹುಳಗಳನ್ನ ವಾಪಸ್ ಕರೆಸ್ತೇನೆ!”