ಊಟದ ಮೇಜಿನ ಮೇಲೊಂದು ರ‍್ಯಾಲಿ

ಎಲ್ಲಕ್ಕೂ ಕಾರಣ ಆ ಭಾನುವಾರ ಬೆಳಗ್ಗೆ ಡ್ರೈವಿಂಗ್ ಮೇಷ್ಟ್ರು ನಕ್ಕ ಒಂದು ನಗು. ಸುಮ್ಮನೆ ಕಾಫಿ ಕುಡಿದು ಪೇಪರು ಓದಿಕೊಂಡಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಆದರೆ ಭಾಮೈದನನ್ನು ಕಂಡು ನಗದೆ ಇರುವುದು ಇದುವರೆಗೆ ಯಾವ ಭಾವನಿಗೂ ಸಾಧ್ಯವಾಗಿಲ್ಲ. ಮೇಷ್ಟ್ರೂ ಮನುಷ್ಯರೇ ತಾನೆ?

ರಜೆಗೆಂದು ಬಂದಿದ್ದ ಭಾಮೈದ ಬಟ್ಟೆಗಿಂತ ಹೆಚ್ಚಾಗಿ ವೈರು ತಂದಿದ್ದ. ಬೆಳಗಾಗುವಷ್ಟರಲ್ಲಿ ಊಟದ ಮೇಜಿನ ಅಂಚಿಗೆ ಒಂದು ಸ್ಟಿಯರಿಂಗ್ ಬಿಗಿದು, ಮೇಜಿನ ಕೆಳಗೆ ಪೆಡಲುಗಳನ್ನಿಟ್ಟು, ಟೀವಿಯನ್ನು ಎದುರಿಗೆಳೆದು ಕೂರಿಸಿದ್ದ. ಉಪ್ಪಿನ ಡಬ್ಬಿ, ನೀರಿನ ಜಗ್ಗು, ಮೇಷ್ಟ್ರ ಕನ್ನಡಕ ಎಲ್ಲವೂ ಕಿಟಕಿಯ ಕಟ್ಟೆಗೆ ಗಡಿಪಾರಾಗಿದ್ದವು.

“ಏನೋ ಇದು ಅವತಾರ?”

“ರ‍್ಯಾಲಿ ಗೇಮು ಭಾವ. ಬೆಟ್ಟದ ಮೇಲೆ ಮಣ್ಣಿನ ರಸ್ತೆ. ನಿಜವಾದ ಕಾರು ಓಡಿಸಿದ ಹಾಗೇ ಇರತ್ತೆ.”

ಆಗ ನಕ್ಕರು ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು ಅವರು. ಅವರ ಕಾರಿನ ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಹಳದಿ ಬೋರ್ಡು ಕಿರೀಟದ ಹಾಗೆ ಕೂತಿರುತ್ತಿತ್ತು. ಕಲಿಯುವವರ ಪಕ್ಕದ ಸೀಟೇ ಅವರ ಸಿಂಹಾಸನ. ಅಲ್ಲಿ ಅವರ ಕಾಲಡಿಗೂ ಒಂದು ಬ್ರೇಕು ಇತ್ತು. “ಇದು ಆಪತ್ತಿಗೆ ಮಾತ್ರ. ಇವತ್ತಿನವರೆಗೂ ಮುಟ್ಟೋ ಪ್ರಮೇಯ ಬಂದಿಲ್ಲ,” ಎಂದು ಮೊದಲ ದಿನವೇ ಎಲ್ಲರಿಗೂ ಹೇಳುತ್ತಿದ್ದರು. ಹೇಳಿದ ಮರುಗಳಿಗೆಯಿಂದ ಪ್ರತಿ ತಿರುವಿನಲ್ಲೂ ಅದನ್ನು ಬೆಣ್ಣೆಯ ಮೇಲೆ ಬೆರಳಿಟ್ಟಷ್ಟು ಮೆಲ್ಲಗೆ ಒತ್ತುತ್ತಿದ್ದರು. ಕಲಿಯುವವರ ಧೈರ್ಯ ಕೆಡಬಾರದಲ್ಲ!

“ಆಟದ ಸಾಮಾನು ಹಿಡ್ಕೊಂಡು ನಂಗೆ ಕಾರಿನ ವಿಷಯ ಹೇಳ್ತೀಯೇನೋ?” ಎಂದರು ಮೇಷ್ಟ್ರು. “ಈ ರಸ್ತೆ ಎಲ್ಲಿವರೆಗಿದೆ?”

“ಬೆಟ್ಟ ಇಳಿದು ಕೆಳಗಿನ ಸೇತುವೆವರೆಗೆ.”

“ಸಂಜೆಯೊಳಗೆ ಸೇತುವೆ ಮುಟ್ಟಿಸಿ ತೋರಿಸ್ತೀನಿ. ಆಗ ನೀನು ಈ ಸಂತೆನೆಲ್ಲ ಗಂಟುಕಟ್ಟಬೇಕು.”

“ಮುಟ್ಟದೇ ಹೋದ್ರೆ?”

“ನನ್ನ ಕಾರಿನ ಬೋರ್ಡು ಇಳಿಸ್ತೀನಿ, ಆಯ್ತಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದೇ ಹೊತ್ತಿಗೆ ಪೇಪರು ಕೇಳಲು ಮಹಡಿ ಮನೆಯ ವಕೀಲರು ಬಾಗಿಲಲ್ಲಿ ನಿಂತಿದ್ದರು. ಕೋರ್ಟಿನಲ್ಲಿ ತೀರದ ವಾದದ ಚಪಲವನ್ನೆಲ್ಲ ಮೆಟ್ಟಿಲ ಮೇಲೆ ತೀರಿಸಿಕೊಳ್ಳುವ ಜೀವ ಅದು. “ಎರಡು ಕಡೆಯವರೂ ಒಪ್ಪಿದ್ದೀರಿ. ಸಾಕ್ಷಿ ನಾನು,” ಎಂದವರೇ ಮೇಜಿನ ಬುಡದಲ್ಲೇ ಚಪ್ಪಲಿ ಬಿಟ್ಟು ಸೋಫಾದಲ್ಲಿ ಕೂತರು.

ಮೇಷ್ಟ್ರು ಶಾಸ್ತ್ರೋಕ್ತವಾಗಿ ಶುರುಮಾಡಿದರು. ಬೆನ್ನು ನೆಟ್ಟಗೆ, ಕೈ ಸರಿಯಾದ ಜಾಗದಲ್ಲಿ. ಇಲ್ಲದ ಕನ್ನಡಿಯನ್ನೂ ಒಮ್ಮೆ ಸರಿಪಡಿಸಿಕೊಂಡರು. ಗಾಡಿ ಹೊರಟಿತು. ಮೊದಲ ತಿರುವು ಬಂತು. ಎದೆ ಝಲ್ಲೆಂದಿತು, ಕಾಲು ಬ್ರೇಕಿನ ಮೇಲೆ ಬಿತ್ತು. ಗಾಡಿಯ ಹಿಂಭಾಗ ಬಾಗಿಲು ತೆರೆದುಕೊಂಡ ಹಾಗೆ ಸರಕ್ಕನೆ ಮುಂದಕ್ಕೆ ಬಂತು, ಮೇಷ್ಟ್ರು ಬಂದ ದಾರಿಯನ್ನೇ ನೋಡುತ್ತಾ ಕಣಿವೆಗೆ ಇಳಿದುಹೋದರು.

“ಬ್ರೇಕು ಸರಿಯಿಲ್ಲ,” ಎಂದರು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದಳು ಅಡುಗೆಮನೆಯಿಂದ ಹೆಂಡತಿ.

ಎರಡನೇ ಸಲ ಅದೇ ಕಣಿವೆ. ಮೂರನೇ ಸಲ ಎದುರಿನ ಬಂಡೆ. ಆಮೇಲೆ ಒಂದು ಮರ. ಆ ಮರ ಮೇಷ್ಟ್ರಿಗೆ ಎಷ್ಟು ಪರಿಚಯವಾಯಿತೆಂದರೆ, ದೂರದಿಂದ ಕಂಡಾಗಲೇ “ಬಂತಪ್ಪ ಪುಣ್ಯಾತ್ಮ!” ಎಂದು ಕಣ್ಣು ಮುಚ್ಚತೊಡಗಿದರು.

ಹಲ್ಲಿನ ಡಾಕ್ಟರಮ್ಮ ಒಳಗೆ ಬಂದದ್ದು ಆಗಲೇ. ಊರಿನವರ ದವಡೆಗೆಲ್ಲ ನಿರ್ಭಯವಾಗಿ ಇಕ್ಕಳ ಹಾಕುವ ಈಕೆಗೆ ಡ್ರೈವಿಂಗ್ ಟೆಸ್ಟೆಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ಮೇಷ್ಟ್ರ ಪಕ್ಕದಲ್ಲಿ ಹಂಸದ ಹಾಗೆ ಓಡಿಸುತ್ತಿದ್ದವರು ಟೆಸ್ಟಿನ ಮೈದಾನದಲ್ಲಿ ಪ್ರತಿಸಲವೂ ಗಾಡಿಯನ್ನು ನೇರ ಬೇಲಿಗೆ ನುಗ್ಗಿಸುತ್ತಿದ್ದರು. ಮರುದಿನ ಮತ್ತೊಂದು ಟೆಸ್ಟು ಇತ್ತು. ಕೊನೆಯ ಅಭ್ಯಾಸಕ್ಕೆಂದು ಬಂದರೆ ಗುರುಗಳೇ ಕಣಿವೆಯಲ್ಲಿ ತಲೆಕೆಳಗಾಗಿದ್ದಾರೆ.

“ಮೇಷ್ಟ್ರೇ, ಏನಾಯ್ತು?”

“ಏನಿಲ್ಲ ಡಾಕ್ಟ್ರೇ, ಇದು ಸುಮ್ನೆ ಆಟ.”

“ಆಟ ಅಂತ ದಾಖಲಾಗಿಲ್ಲ. ಬೋರ್ಡಿನ ಪ್ರಶ್ನೆ,” ಎಂದರು ವಕೀಲರು.

ಸುದ್ದಿಗೆ ಕಾಲು ಬೇಕೇ? ಹತ್ತಿರದ ಕ್ಷೌರದಂಗಡಿಯಿಂದ ಅರ್ಧ ಮುಖಕ್ಕೆ ಸೋಪಿನ ನೊರೆ ಇದ್ದವನೊಬ್ಬ ಬಂದು ಕಿಟಕಿಯಲ್ಲಿ ನಿಂತ. ಅವನೂ ಮೇಷ್ಟ್ರ ಹೊಸ ಶಿಷ್ಯನೇ. ಅವನ ಹಿಂದೆ ಇನ್ನಷ್ಟು ಶಿಷ್ಯರು ಸೇರಿದರು. ಎಲ್ಲರ ಮುಖದಲ್ಲೂ ಒಂದೇ ಪ್ರಶ್ನೆ: ಇವರ ಕೈಗೆ ನಮ್ಮ ಪ್ರಾಣ ಕೊಟ್ಟಿದ್ದೇವಾ?

ಮಧ್ಯಾಹ್ನದ ಊಟ ನೆಲದ ಮೇಲಾಯಿತು. “ಈ ಮನೇಲಿ ಊಟಕ್ಕೆ ಮೇಜಿಲ್ಲ, ಕಾರಿಗೆ ಮೇಜಿದೆ,” ಎಂದು ಹೆಂಡತಿ ತಟ್ಟೆ ಕುಕ್ಕಿದಳು. ಮೇಷ್ಟ್ರು ಅನ್ನ ಕಲಸುತ್ತಲೇ ಟೀವಿ ನೋಡುತ್ತಿದ್ದರು. ಎಷ್ಟು ವರ್ಷದ ಹೆಸರು! ಮಣ್ಣು ಪಾಲಾಗುತ್ತಿತ್ತು, ಅದೂ ಟೀವಿಯೊಳಗಿನ ಮಣ್ಣು. ಅವರ ಮುಖ ನೋಡಿ ಭಾಮೈದನಿಗೇ ಪಾಪ ಅನ್ನಿಸಿತು.

“ಭಾವ, ರಸ್ತೆ ಒಂದನ್ನೇ ನೋಡ್ತಿದ್ದೀರಿ. ಸ್ಟಿಯರಿಂಗ್ ಏನೋ ಹೇಳ್ತಿರತ್ತೆ, ಅದನ್ನ ಕೈಯಲ್ಲಿ ಕೇಳಿಸ್ಕೊಳ್ಳಿ. ಗೆಲ್ಲೋಕಂತ ಬೇಡ, ಸುಮ್ನೆ ಹೋಗಿ.”

ಮೇಷ್ಟ್ರು ಬೇರೆ ದಾರಿಯಿಲ್ಲದೆ ಹಾಗೇ ಮಾಡಿದರು. ಕೇಳಿಸಿತು. ಹೊರಡುವಲ್ಲಿದ್ದ ಒಂದಿಷ್ಟು ಟಾರಿನ ಮೇಲೆ ಸ್ಟಿಯರಿಂಗ್ ತುಂಬಿದ ಕೊಡದ ಹಾಗೆ ಭಾರವಾಗಿತ್ತು. ಮಣ್ಣಿಗೆ ಇಳಿದೊಡನೆ ಸಣ್ಣಗೆ ನಡುಗಿತು. ಒಂದೊಂದು ಜಲ್ಲಿಯೂ ಬೆರಳಿನ ಗೆಣ್ಣಿಗೆ ಬಂದು ಹೆಸರು ಹೇಳಿಕೊಂಡು ಹೋಗುತ್ತಿತ್ತು. ಚಕ್ರ ಹಿಡಿತ ಬಿಡುವ ಮುನ್ನ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರಾಯಿತು, ಕೊಡದ ನೀರೆಲ್ಲ ಯಾರೋ ಚೆಲ್ಲಿಬಿಟ್ಟ ಹಾಗೆ. ಬ್ರೇಕು ಮುಟ್ಟಿದರೆ ಗಾಡಿ ಮೂಗು ತಗ್ಗಿಸಿ ಭಾರವನ್ನೆಲ್ಲ ಮುಂದಕ್ಕೆ ತಂದುಕೊಳ್ಳುತ್ತಿತ್ತು. ಮುಂದಿನ ಚಕ್ರಗಳು ನೆಲ ಕಚ್ಚುತ್ತಿದ್ದವು, ಹಿಂದಿನವು ಅನಾಥವಾಗುತ್ತಿದ್ದವು. ಆ ಹೊತ್ತಿನಲ್ಲಿ ಹೆದರಿ ಇನ್ನಷ್ಟು ಒತ್ತಿದರೆ ಗಾಡಿ ತಿರುಗಿಬೀಳುತ್ತಿತ್ತು. ಒತ್ತದೆ ಬಿಟ್ಟರೆ? ಬಿಡಲು ಮಾತ್ರ ಮೇಷ್ಟ್ರ ಕಾಲು ಒಪ್ಪಲಿಲ್ಲ. ಮತ್ತೆ ಮರ.

ಆದರೆ ಮೇಷ್ಟ್ರಿಗೆ ಈ ಸಲ ಸಿಟ್ಟು ಬರಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದರು.

“ಯಾರೋ ಇದನ್ನ ಮಾಡಿದೋರು?” ಎಂದರು ಮೆಲ್ಲಗೆ. “ಕಾರಿಗೆ ಭಾರ ಇದೆ ಅಂತ ನಂಗೊತ್ತಿತ್ತು ಕಣೋ. ಆ ಭಾರ ಹಿಂದೆ ಮುಂದೆ ಓಡಾಡತ್ತೆ, ಅದಕ್ಕೂ ಒಂದು ಮನಸ್ಸಿದೆ ಅನ್ನೋದು ಇವತ್ತೇ ಗೊತ್ತಾಗಿದ್ದು. ಊಟದ ಮೇಜಿಗೆ ಇದನ್ನ ಹೇಗೆ ತಂದ್ರೋ ಮಹಾನುಭಾವರು!”

ಗುಂಪು ಕಿಟಕಿಗೆ ಇನ್ನಷ್ಟು ಒತ್ತಿಕೊಂಡಿತು. ನೊರೆಯವನು ಕೂಡ ಕೆನ್ನೆ ಒಣಗಿ ಬಿರಿಯುತ್ತಿದ್ದುದನ್ನು ಮರೆತು ನೋಡುತ್ತಿದ್ದ.

“ಭಾವುಕತೆ ಸಾಕ್ಷ್ಯ ಆಗಲ್ಲ. ಸಂಜೆ ಆಗ್ತಾ ಬಂತು,” ಎಂದರು ವಕೀಲರು. “ಇನ್ನೊಂದೇ ಸಲ.”

ಭಾಮೈದ ಸ್ಕ್ರೂಡ್ರೈವರು ಹುಡುಕಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಗೆದ್ದರೆ ಮೇಜಿನ ಸ್ಟಿಯರಿಂಗ್ ಬಿಚ್ಚಲು, ಸೋತರೆ ಕಾರಿನ ಬೋರ್ಡು ಬಿಚ್ಚಲು. ಮೇಷ್ಟ್ರು ಅದರ ಕಡೆ ನೋಡಲಿಲ್ಲ.

ಗಾಡಿ ಹೊರಟಿತು. ತಿರುವು ಬಂತು, ಎದೆ ಝಲ್ಲೆಂದಿತು, ಕಾಲು ಬ್ರೇಕಿನ ಮೇಲೆ ಬಿತ್ತು. ಬ್ರೇಕು ಇಳಿಯಲಿಲ್ಲ! ಮೇಷ್ಟ್ರು ಮೈಯ ಬಲವನ್ನೆಲ್ಲ ಹಾಕಿ ಒತ್ತಿದರು. ಕಲ್ಲಿನ ಹಾಗೆ ನಿಂತಿತ್ತು. ಹಲ್ಲು ಕಚ್ಚಿ ಸ್ಟಿಯರಿಂಗ್ ತಿರುಗಿಸಿದರು. ಗಾಡಿ ಅಡ್ಡಕ್ಕೆ ಜಾರಿತು, ಜಾರುತ್ತಲೇ ಹೋಯಿತು, ಇನ್ನೇನು ಮರಕ್ಕೆ ಮುಖ ಕೊಡಬೇಕು ಅನ್ನುವಾಗ ಸ್ಟಿಯರಿಂಗ್ ತಾನಾಗಿ ಎದುರು ದಿಕ್ಕಿಗೆ ಎಳೆಯಿತು. ಮೇಷ್ಟ್ರು ಅದರ ಮಾತು ಕೇಳಿದರು. ಹೋದ ಭಾರ ಕೈಗೆ ಮರಳಿ ಬಂತು. ಗಾಡಿ ತೊಟ್ಟಿಲು ತೂಗಿದ ಹಾಗೆ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ತೂಗಿ ನೆಟ್ಟಗಾಯಿತು. ಮರ ಪಕ್ಕದಲ್ಲಿ ಹಾದುಹೋಯಿತು.

“ಅಯ್ಯಯ್ಯೋ!” ಎಂದರು ಮೇಷ್ಟ್ರು. ಅದು ಹೆದರಿಕೆಯ ಅಯ್ಯಯ್ಯೋ ಆಗಿರಲಿಲ್ಲ.

ಮುಂದಿನದು ಕನಸಿನ ಹಾಗಾಯಿತು. ತಿರುವಿಗೆ ಮುಂಚೆಯೇ ಆಕ್ಸಿಲರೇಟರು ಬಿಟ್ಟು ವೇಗ ಇಳಿಸುವುದು, ಅಡ್ಡಡ್ಡ ಜಾರುವುದು, ಜಾರಿದಾಗ ಅದನ್ನೇ ಒತ್ತಿ ನೇರಮಾಡಿಕೊಳ್ಳುವುದು. ಜೀವಮಾನವಿಡೀ ಮಾಡಬೇಡಿ ಎಂದು ಕಲಿಸಿದ್ದನ್ನೆಲ್ಲ ಅವರು ಕಣ್ಣು ಅರಳಿಸಿಕೊಂಡು ಮಾಡಿದರು. ಧೂಳು ಎದ್ದಿತು, ಬೆಟ್ಟ ಇಳಿಯಿತು, ಸೇತುವೆ ಬಂತು. ಗಾಡಿ ದಾಟಿತು.

ಮನೆ ಹಾರಿಹೋಗುವಂಥ ಚಪ್ಪಾಳೆ. ನೊರೆಯವನು ಒಳಗೆ ನುಗ್ಗಿ ಮೇಷ್ಟ್ರನ್ನು ತಬ್ಬಿಕೊಂಡು ಅವರ ಕೆನ್ನೆಗೂ ಒಣಗಿದ ಸೋಪಿನ ಪುಡಿ ಹಚ್ಚಿದ. ಭಾಮೈದ ಮೇಜಿನ ಕೆಳಗೆ ಬಗ್ಗಿ ನೋಡಿ ನಗತೊಡಗಿದ. ಬ್ರೇಕಿನ ಪೆಡಲಿನ ಅಡಿಯಲ್ಲಿ ವಕೀಲರ ಒಂದು ಚಪ್ಪಲಿ ಬಿಗಿಯಾಗಿ ಸಿಕ್ಕಿಕೊಂಡಿತ್ತು.

“ಆಕ್ಷೇಪಣೆ!” ಎಂದರು ವಕೀಲರು. “ಚಪ್ಪಲಿ ನನ್ನದು.”

“ಸೇತುವೆ ಮುಟ್ಟಬೇಕು ಅಂತಷ್ಟೇ ಮಾತು. ಮುಟ್ಟಿದ್ದಾರೆ. ಭಾವ ಗೆದ್ರು,” ಎಂದ ಭಾಮೈದ. ದೊಡ್ಡ ಮನಸ್ಸಿನವನೇ. ಸ್ಕ್ರೂಡ್ರೈವರು ಕೈಗೆತ್ತಿಕೊಂಡ.

ಮೇಷ್ಟ್ರು ಹೆಗಲ ಮೇಲಿನ ಟವಲಿನಿಂದ ಸೋಪು ಒರೆಸಿಕೊಂಡು ಗತ್ತಿನಿಂದ ಸುತ್ತ ನೋಡಿದರು. ಹೋದ ಮಾನ ಬಡ್ಡಿ ಸಮೇತ ವಾಪಸು ಬಂದಿತ್ತು.

“ಬಿಚ್ಚೋಕೆ ಮುಂಚೆ ನಾನೊಂದು ಸಲ ಕೂತ್ಕೊಳ್ಳಾ?” ಎಂದರು ಹಲ್ಲಿನ ಡಾಕ್ಟರಮ್ಮ. “ನಾಳೆ ಟೆಸ್ಟಿದೆ. ಕೈ ಪಳಗತ್ತೆ.”

“ಕೂತ್ಕೊಳ್ಳಿ ಡಾಕ್ಟ್ರೇ, ಅದಕ್ಕೇನಂತೆ? ನನ್ನ ಶಿಷ್ಯರ ಕೈ ನೋಡಲಿ ಎಲ್ಲಾರೂ!” ಎಂದರು ಮೇಷ್ಟ್ರು ಉದಾರವಾಗಿ.

ಚಪ್ಪಲಿ ತೆಗೆದದ್ದಾಯಿತು. ಡಾಕ್ಟರಮ್ಮ ಕೂತರು. ಶಾಂತವಾಗಿ ಗಾಡಿ ಎತ್ತಿದರು. ತಿರುವು ಹತ್ತಿರ ಬಂತು. ಡಾಕ್ಟರಮ್ಮನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಅದೇ ಶಾಂತಿಯಲ್ಲಿ, ಒಂದಿಷ್ಟೂ ವೇಗ ತಗ್ಗಿಸದೆ, ನೇರವಾಗಿ ಕಣಿವೆಯೊಳಕ್ಕೆ ಹೋದರು.

“ಅರೆ!” ಎಂದು ಪೆಡಲು ನೋಡಿದರು. “ಬ್ರೇಕು ಬೀಳಲೇ ಇಲ್ವಲ್ಲ? ಇನ್ನೂ ಚಪ್ಪಲಿ ಇದೆಯಾ?”

“ಚಪ್ಪಲಿ ಇಲ್ಲ,” ಎಂದ ಭಾಮೈದ. “ನೀವು ಒತ್ತಿದ್ರಾ?”

“ನಾನ್ಯಾಕೆ ಒತ್ತಲಿ? ತಿರುವು ಹತ್ರ ಬಂದ್ರೆ ಅದು ತಾನಾಗೇ ಬೀಳತ್ತಲ್ಲ?”



“ಯಾವ ಕಾರಲ್ಲಿ ಅಮ್ಮಾ ತಾನಾಗೇ ಬೀಳೋದು?” ಎಂದು ಕೇಳಿದರು ವಕೀಲರು. ಆ ದಿನದಲ್ಲಿ ಅವರು ಕೇಳಿದ ಒಂದೇ ಒಳ್ಳೆಯ ಪ್ರಶ್ನೆ ಅದು.

“ಮೇಷ್ಟ್ರ ಕಾರಲ್ಲಿ. ಈಗಿನ ಕಾರು ಹಾಗೇ ಇರತ್ತೆ ಅಂದ್ಕೊಂಡಿದ್ದೆ. ಟೆಸ್ಟಲ್ಲಿ ಮಾತ್ರ ಯಾಕೋ ಬೀಳಲ್ಲ. ಪ್ರತಿ ಸಲ ಬೇಲಿವರೆಗೂ ಕಾದೆ.”

“ಹೌದ್ರೀ, ನಂಗೂ ಬೀಳತ್ತೆ!” ಎಂದ ನೊರೆಯವನು. “ನಂಗೂ!” “ನಂಗೂ!” ಎಂದರು ಕಿಟಕಿಯಲ್ಲಿದ್ದವರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮೇಷ್ಟ್ರ ಮುಖ ಬಿಟ್ಟು ಮೇಷ್ಟ್ರ ಪಾದ ನೋಡತೊಡಗಿದರು.

ಮೇಷ್ಟ್ರು ಒಂದು ಪಾದವನ್ನು ಇನ್ನೊಂದರ ಹಿಂದೆ ಬಚ್ಚಿಡಲು ನೋಡಿದರು. ಆ ಇನ್ನೊಂದಕ್ಕೆ ಜಾಗವಿರಲಿಲ್ಲ.

“ನಿಮ್ಮೆಲ್ಲರ ಧೈರ್ಯಕ್ಕೇ ಅಂತ...” ಎಂದರು.

ಡಾಕ್ಟರಮ್ಮ ಬೈಯಲಿಲ್ಲ. ಮತ್ತೆ ಗಾಡಿ ಎತ್ತಿದರು. ಈ ಸಲ ತಿರುವಿಗೆ ಮುಂಚೆ ಅವರ ಕಾಲೇ ಹೋಗಿ ಬ್ರೇಕು ಮುಟ್ಟಿತು. ಗಾಡಿ ಮೂಗು ತಗ್ಗಿಸಿ, ತಿರುಗಿ, ಮರವನ್ನು ಗೌರವದಿಂದ ದಾಟಿತು. “ಓಹ್!” ಎಂದರು. “ಇಷ್ಟೇನಾ? ಇದನ್ನ ಮಾಡೋದು ನಾನಾ?” ಅವರ ಕಣ್ಣಲ್ಲಿದ್ದ ಬೆರಗು ನೋಡಿ ಮೇಷ್ಟ್ರಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

“ಇನ್ನೂ ಬೆಳಕಿದೆ. ಕಾರು ತೆಗೀರಿ ಮೇಷ್ಟ್ರೇ,” ಎಂದು ಡಾಕ್ಟರಮ್ಮ ಎದ್ದರು.

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಬೀಗದ ಕೈ ಹಿಡಿದು ಹೆಚ್ಚುಕಮ್ಮಿ ಓಡಿದರು. ಬೋರ್ಡು ನೆತ್ತಿಯ ಮೇಲೆ ಇದ್ದ ಹಾಗೇ ಇತ್ತು. ಡಾಕ್ಟರಮ್ಮ ಸ್ಟಿಯರಿಂಗ್ ಹಿಂದೆ ಕೂತರು, ಮೇಷ್ಟ್ರು ಪಕ್ಕದಲ್ಲಿ ಕೂತು ಕಾಲು ಚಾಚಿದರು. ಗಾಡಿ ಹೊರಡಲಿಲ್ಲ.

“ಕಾಲು ಮೇಲಕ್ಕೆ,” ಎಂದರು ಡಾಕ್ಟರಮ್ಮ, ರೋಗಿಗೆ ಬಾಯಿ ತೆಗೆಯಲು ಹೇಳುವ ದನಿಯಲ್ಲಿ.

“ಅಂದ್ರೆ?”

“ಸೀಟಿನ ಮೇಲೆ ಮಡಚಿಕೊಳ್ಳಿ. ಚಕ್ಕಳಮಕ್ಕಳ.”

ಇಡೀ ಬೀದಿ ನೋಡುತ್ತಿತ್ತು. ಮೇಷ್ಟ್ರು ಒಂದೊಂದಾಗಿ ಕಾಲು ಎತ್ತಿ ಮಡಚಿಕೊಂಡು ಕೂತರು. ವಕೀಲರು ಕಿಟಕಿಯಲ್ಲಿ ಬಗ್ಗಿ, “ಎರಡೂ ಮೇಲಿದೆ, ಹೊರಡಬಹುದು,” ಎಂದು ಪ್ರಮಾಣೀಕರಿಸಿದರು.

ಬೀದಿಯ ಕೊನೆಯ ತಿರುವು ಬಂದಾಗ ಮೇಷ್ಟ್ರು ತಮ್ಮ ಮಂಡಿಯನ್ನೇ ಗಟ್ಟಿಯಾಗಿ ಅದುಮಿ ಹಿಡಿದರು. ಕಾರು ಮೆಲ್ಲಗೆ ಮೂಗು ತಗ್ಗಿಸಿತು. ಭಾರ ಮುಂದಕ್ಕೆ ಬಂದು ನಿಂತಿತು, ಹೊರಗಿನ ಚಕ್ರಕ್ಕೆ ಒರಗಿತು, ಆಮೇಲೆ ಹಿತವಾಗಿ ತನ್ನ ಜಾಗಕ್ಕೆ ಮರಳಿತು. ಮೇಜಿನ ಮೇಲೆ ಆದ ಹಾಗೇ, ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲದೆ. ಇಷ್ಟು ವರ್ಷ ಇದೇ ಸೀಟಿನಲ್ಲಿ ಕೂತು ಇದನ್ನು ತಾವು ಒಂದು ಸಲವೂ ಅನುಭವಿಸಿರಲಿಲ್ಲವಲ್ಲ ಎಂದು ಮೇಷ್ಟ್ರ ಕಣ್ಣು ತುಂಬಿಬಂತು.

“ಸರಿಯಾಗಿತ್ತಾ?”

“ಸರಿಯಾಗಿತ್ತು ಡಾಕ್ಟ್ರೇ. ಬಹಳ ಸರಿಯಾಗಿತ್ತು.”

ಒಂದು ಸುತ್ತು ಮುಗಿಸಿ ಮನೆ ಮುಂದೆ ಬರುವಷ್ಟರಲ್ಲಿ ಗೇಟಿನಿಂದ ಕ್ಷೌರದಂಗಡಿಯವರೆಗೆ ಸಾಲು ನಿಂತಿತ್ತು. ಕಲಿಯುತ್ತಿದ್ದವರ ಜೊತೆಗೆ ಎಂದೋ ಕಲಿತು ಮುಗಿಸಿದವರೂ ಇದ್ದರು. ಡಾಕ್ಟರಮ್ಮ ಇಳಿದರು. ಮೇಷ್ಟ್ರು ಜುಮ್ಮೆನ್ನುತ್ತಿದ್ದ ಕಾಲನ್ನು ಬಿಡಿಸಿ ಕೆಳಗಿಡಬೇಕು, ಅಷ್ಟರಲ್ಲಿ ನೊರೆಯವನು ಬಂದು ಕೂತು ಬಾಗಿಲು ಹಾಕಿಕೊಂಡ.

“ಇಳಿಸಬೇಡಿ ಮೇಷ್ಟ್ರೇ, ಇನ್ನು ನಂದು.”

ಮೇಷ್ಟ್ರು ದೀನರಾಗಿ ಮನೆಯ ಕಡೆ ನೋಡಿದರು. ಹೆಂಡತಿ ಬರುತ್ತಿದ್ದಳು, ಕೈಯಲ್ಲಿ ಒಂದು ದಿಂಬು ಇತ್ತು.

“ಇದನ್ನ ಅಡಿಗೆ ಹಾಕ್ಕೊಳ್ಳಿ,” ಎಂದಳು. “ಇನ್ಮೇಲೆ ದಿನಾ ಹಾಗೇ ಕೂರಬೇಕಲ್ಲ.”