ಬಿಳಿ ಕಾರು, ಕೆಂಪು ಕಾರು ಮತ್ತು ದೊಡ್ಡವ್ವ

ನಮ್ಮ ದೊಡ್ಡವ್ವ ದೇವರನ್ನೂ ಒಬ್ಬನನ್ನೇ ನಂಬಿದವಳಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡು ಶಿವನಿಗೆ ಕೈ ಮುಗಿದ ಮೇಲೆ, ಆ ಹೊತ್ತಿಗೆ ಶಿವ ಬೇರೆ ಯಾರದೋ ಕೆಲಸದಲ್ಲಿದ್ದರೆ ಏನು ಗತಿ ಎಂದು ಪಕ್ಕದ ಗುಡಿಯ ದೇವರು ಭೀಮರಾಯನಿಗೂ ಒಂದು ಕಾಯಿ ಒಡೆಸಿ ಬರುತ್ತಾಳೆ. ಭಕ್ತಿ ಕಡಿಮೆ ಎಂದಲ್ಲ. ಒಂದೇ ಇರುವ ವಸ್ತು ಬೇಕಾದಾಗಲೇ ಕೈ ಕೊಡುತ್ತದೆ ಎಂಬುದು ಆಕೆಯ ಸಿದ್ಧಾಂತ.

ಶಹಾಪುರದ ಆಕೆಯ ಮನೆಯ ಬಾಗಿಲಿಗೆ ಎರಡು ಬೀಗ. ಒಳಗೆ ಇನ್ವರ್ಟರ್ ಇದೆ, ಅದರ ಮೇಲೆ ಎಣ್ಣೆ ತುಂಬಿದ ಕಂದೀಲೂ ಇದೆ. ಗೋಡೆಯಲ್ಲಿ ಎರಡು ಗಡಿಯಾರ, ಎರಡೂ ಬೇರೆ ಬೇರೆ ಹೊತ್ತು ತೋರಿಸುತ್ತವೆ. ಯಾವುದು ಸರಿ ಎಂದು ಕೇಳಿದರೆ, "ಎರಡೂ ನೋಡಿ ನಡುವಿಂದು ಹಿಡೀಬೇಕು" ಎನ್ನುತ್ತಾಳೆ. ಆಕೆ ನಡೆಸುವ ಬೀಜ-ಗೊಬ್ಬರದ ಅಂಗಡಿಯಲ್ಲಿ ತಕ್ಕಡಿಯೂ ಎರಡು. ಒಂದರ ಮೇಲೆ ನಂಬಿಕೆ ಇಲ್ಲದ ಗಿರಾಕಿಗೆ ಇನ್ನೊಂದರಲ್ಲಿ ತೂಗಿ ತೋರಿಸುತ್ತಾಳೆ. ಎರಡೂ ತಾಳೆಯಾಗದ ದಿನ ಆಕೆಯ ಜಗಳ ತಕ್ಕಡಿಯ ಜೊತೆಗಲ್ಲ, ಗಿರಾಕಿಯ ಜೊತೆಗೆ.

ಆ ಮನೆಯಲ್ಲಿ ಒಂದೇ ಇದ್ದದ್ದು ಗಂಡ ಮಾತ್ರ. ದೊಡ್ಡಪ್ಪ ಭೀಮರಾಯನಗುಡಿಯ ನೀರಾವರಿ ಕಚೇರಿಯಿಂದ ನಿವೃತ್ತರಾದ, ಬಹಳ ಮೆತ್ತಗಿನ ಮನುಷ್ಯ. ಇಡೀ ದಿನದಲ್ಲಿ ಅವರಾಡುವ ಮಾತನ್ನು ದೊಡ್ಡವ್ವ ಒಂದು ಚಹಾ ಕುಡಿಯುವಷ್ಟರಲ್ಲಿ ಆಡಿ ಮುಗಿಸುತ್ತಾಳೆ.

ಹೋದ ವರ್ಷ ಕೊಂಕಲ್‌ನ ಹೊಲದಲ್ಲಿ ನಿಂತಿದ್ದಾಗ ಅವರಿಗೆ ಎದೆನೋವು ಬಂತು. ಮನೆಯ ಹಳೆಯ ಡೀಸೆಲ್ ಜೀಪು ಬದುವಿನ ಪಕ್ಕದಲ್ಲೇ ಇತ್ತು. ಅದನ್ನು ಓಡಿಸುವವಳು ದೊಡ್ಡವ್ವನೇ. ಕೀಲಿ ತಿರುವಿದಳು. ಜೀಪು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಕೂಗಿದಳು, ಬೈದಳು, ಮತ್ತೆ ತಿರುವಿದಳು. ಕೊನೆಗೆ ಪಕ್ಕದ ಹೊಲದವರು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ, ತೊಗರಿ ಚೀಲಗಳ ಮೇಲೆ ದೊಡ್ಡಪ್ಪನನ್ನು ಮಲಗಿಸಿಕೊಂಡು ಯಾದಗಿರಿಗೆ ತಂದರು. ನಾನಿರುವುದು ಅಲ್ಲೇ. ಆಸ್ಪತ್ರೆಗೆ ಓಡಿ ಹೋದಾಗ ದೊಡ್ಡವ್ವ ಬೆಂಚಿನ ಮೇಲೆ ಕುಳಿತಿದ್ದಳು, ಆ ಜೀಪಿನ ಕೀಲಿ ಇನ್ನೂ ಮುಷ್ಟಿಯಲ್ಲೇ ಇತ್ತು. ಬಿಡಿಸಿ ತೆಗೆದುಕೊಳ್ಳಲು ನಾನೂ ನರ್ಸೂ ಇಬ್ಬರೂ ಬೇಕಾಯಿತು.

ದೊಡ್ಡಪ್ಪ ಉಳಿದರು. ಕಲಬುರಗಿಯಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದರು. ಅವರು ಮನೆಗೆ ಬರುವ ಮೊದಲೇ ಜೀಪು ಗುಜರಿಗೆ ಹೋಗಿತ್ತು. ದೊಡ್ಡವ್ವ "ಎಂದೂ ನಿಲ್ಲಲಾರದಂಥ ಗಾಡಿ ಬೇಕು" ಎಂದಳು, ಅಷ್ಟೇ.

ಅಂಥ ಗಾಡಿ ಎಲ್ಲಿ ಸಿಗುತ್ತದೆ? ಹುಡುಕುವ ಕೆಲಸ ನನ್ನ ತಲೆಗೆ ಬಂತು. ಕಲಬುರಗಿಯಲ್ಲಿ ಕಾರು ಮಾರುವ, ಅರ್ಧ ತಲೆ ಬೋಳಾದ ಒಬ್ಬ ಸಮಾಧಾನದ ಮನುಷ್ಯ ಸಿಕ್ಕ. ಅವನು ಪ್ಲಗ್-ಇನ್ ಹೈಬ್ರಿಡ್ ಎಂದರೇನೆಂದು ವಿವರಿಸಿದ. ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡಿದರೆ ಕರೆಂಟಿನಲ್ಲಿ ಸದ್ದಿಲ್ಲದೆ ಓಡುತ್ತದೆ, ಚಾರ್ಜ್ ಮುಗಿದರೆ ತಾನಾಗಿ ಪೆಟ್ರೋಲಿಗೆ ಬದಲಾಗುತ್ತದೆ. ಒಂದು ಗಾಡಿಯಲ್ಲಿ ಎರಡು ಜೀವ!

"ಇದು ನನ್ನ ಸಲುವಾಗೇ ಮಾಡ್ಯಾರ" ಎಂದಳು ದೊಡ್ಡವ್ವ. ಆಮೇಲೆ ಕೇಳಿದಳು, "ಎರಡೂ ಮುಗದ್ರ?"

ಆ ಮನುಷ್ಯ ತಲೆ ಕೆರೆದುಕೊಂಡ. "ಆಗ ನೂಕಬೇಕಾಗ್ತದ್ರಿ ಅಮ್ಮಾರೆ."

ಸುಳ್ಳು ಹೇಳಲಿಲ್ಲವೆಂದು ಅವನ ಮೇಲೆ ಆಕೆಗೆ ವಿಶ್ವಾಸ ಬಂತು. ಆದರೆ ತೊಂದರೆ ಶುರುವಾದದ್ದು ಅಲ್ಲಿಂದಲೇ. ಅಂಥ ಕಾರುಗಳು ಅವನ ಹತ್ತಿರ ಎರಡಿದ್ದವು, ಒಂದು ಬಿಳಿ, ಒಂದು ಕೆಂಪು. ಜೀವನದುದ್ದಕ್ಕೂ ಎರಡೆರಡು ಇಟ್ಟುಕೊಂಡವಳು ಈಗ ಒಂದನ್ನು ಬಿಡಬೇಕಿತ್ತು. ದಿನಾ ಬೆಳಿಗ್ಗೆ ನನಗೆ ಫೋನು. ಸೋಮವಾರ ಕೆಂಪು, ಮಂಗಳವಾರ ಬಿಳಿ. ಮನೆಯಲ್ಲಿ ಯಾರೂ ಯಾವ ಬಣ್ಣದ ಹೆಸರನ್ನೂ ಎತ್ತುವಂತಿರಲಿಲ್ಲ. ದೊಡ್ಡಪ್ಪ ಊಟಕ್ಕೆ ಕುಳಿತು "ಕೆಂಪ ಚಟ್ನಿ ಹಾಕು" ಎಂದದ್ದಕ್ಕೆ, "ನೀವೂ ಅದರ ಪಾರ್ಟಿ ಏನು?" ಎಂದು ಕೇಳಿದಳಂತೆ.

ಕೊನೆಗೆ ಕಾರಿನವನೇ ಗಡುವು ಹಾಕಿದ. ಎರಡಕ್ಕೂ ಬೇರೆ ಗಿರಾಕಿಗಳಿದ್ದಾರೆ, ಶನಿವಾರ ಇನ್ನೊಬ್ಬ ಡ್ರೈವರನನ್ನು ಕರೆದುಕೊಂಡು ಎರಡನ್ನೂ ಶಹಾಪುರಕ್ಕೆ ತರುತ್ತೇನೆ, ಓಡಿಸಿ ನೋಡಿ ಸಂಜೆಯೊಳಗೆ ಹೇಳಿಬಿಡಿ ಎಂದ. ನನಗೂ ಕರೆ ಬಂತು. "ನೀ ಬರಬೇಕಪಾ ತಮ್ಮಾ. ಇವರು ಏನ್ ಕೇಳಿದ್ರೂ ಚಲೋ ಅದ ಅಂತಾರ."

ಮೊದಲು ಕೆಂಪು ಕಾರು. ಸ್ಟೇರಿಂಗ್ ಹಿಡಿಯುವ ಮೊದಲೇ ಹಿಂದಿನ ಡಿಕ್ಕಿ ತೆಗೆಸಿದಳು. ಅಲ್ಲಿ ಸ್ಟೆಪ್ನಿ ಟೈರು ನೋಡಿ ಮುಖ ಅರಳಿತು. ನೋಡಿದ್ದು ಸಾಲದೆಂದು ಅದನ್ನು ತೆಗೆಸಿ, ಚಕ್ರಕ್ಕೆ ಹಾಕಿಸಿ, ಮತ್ತೆ ಬಿಚ್ಚಿಸಿದಳು. ಕಾರಿನವನ ಇಸ್ತ್ರಿ ಅಂಗಿ ಅಲ್ಲಿಗೇ ಮುಗಿಯಿತು. ಆ ಕಾರಿನ ಪೆಟ್ರೋಲ್ ಟ್ಯಾಂಕು ದೊಡ್ಡದು, ಬ್ಯಾಟರಿ ಸಣ್ಣದು. ಭೀಮರಾಯನಗುಡಿ ಮುಟ್ಟುವಷ್ಟರಲ್ಲಿ ಚಾರ್ಜ್ ಮುಗಿದು ಎಂಜಿನ್ ಗುರ್ ಎಂದಿತು. ದೊಡ್ಡವ್ವ ತಲೆಯಾಡಿಸಿದಳು. "ಗಾಡಿ ಅಂದ್ರ ಸಪ್ಪಳ ಇರಬೇಕು. ಅಂದ್ರ ಓಡಾಕತ್ತದ ಅಂತ ಗೊತ್ತಾಗ್ತದ."

ಬಿಳಿ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯೇ ಇರಲಿಲ್ಲ. ಬ್ಯಾಟರಿ ದೊಡ್ಡದಾದ್ದರಿಂದ ಜಾಗವಿಲ್ಲವಂತೆ. ಪಂಕ್ಚರ್ ಆದರೆ ಟೈರಿಗೆ ತುಂಬಲು ಒಂದು ಡಬ್ಬಿ ಕೊಟ್ಟಿದ್ದರು.

"ಇದೇನು, ದಾಡಿ ಮಾಡೂ ಸಾಬೂನೇನು?" ಎಂದು ಕೇಳಿ ಡಬ್ಬಿಯನ್ನು ಅಲ್ಲೇ ಇಟ್ಟು ಡಿಕ್ಕಿ ಮುಚ್ಚಿದಳು. "ಕೆಂಪುದೇ ಇರಲಿ. ಇದರಾಗ ಕೂಡೂದೂ ಬ್ಯಾಡ."

ಆಗ ದೊಡ್ಡಪ್ಪ ಬಾಯಿ ಬಿಟ್ಟರು. "ಪಾಪ, ಅಷ್ಟು ದೂರದಿಂದ ತಂದಾನ. ಸುರಪುರತನಕ ಒಂದು ಸಲ ಹೋಗಿ ಬರೂಣು."

ಹೊರಟೆವು. ದೊಡ್ಡವ್ವನ ಪಕ್ಕದಲ್ಲಿ ಕಾರಿನವನು, ಹಿಂದೆ ದೊಡ್ಡಪ್ಪ ಮತ್ತು ನಾನು. ಆ ಕಾರು ಓಡುವುದು ಯಾರಿಗೂ ಕೇಳುವುದಿಲ್ಲ. ಕುರಿಹಿಂಡೊಂದು ಅಡ್ಡ ಬಂತು. ಬೆನ್ನ ಹಿಂದೆ ಕಾರು ನಿಂತಿದೆ ಎಂಬುದೇ ಕುರಿಗಳಿಗೂ ಗೊತ್ತಾಗಲಿಲ್ಲ, ಕುರುಬನಿಗೂ ಗೊತ್ತಾಗಲಿಲ್ಲ. "ಇದು ಗಾಡಿನೋ ದೆವ್ವೋ" ಎಂದಳು ದೊಡ್ಡವ್ವ. ಆಕೆಯ ಮನಸ್ಸು ಕೆಂಪು ಕಾರಿನಲ್ಲಿತ್ತು. ಸುರಪುರ ದಾಟಿ ಕಕ್ಕೇರಾದ ದಾರಿಯಲ್ಲಿ ಸ್ವಲ್ಪ ದೂರ ಹೋಗಿದ್ದೆವು. ನಾನೂ ಕಾರಿನವನೂ ಪೆಟ್ರೋಲಿನ ಬಗ್ಗೆ ಏನೋ ಮಾತಾಡುತ್ತಿದ್ದೆವು.

"ಸುಮ್ಮನಿರ್ರಿ ಇಬ್ಬರೂ" ಎಂದಳು ದೊಡ್ಡವ್ವ. ಆಮೇಲೆ, ಹಿಂದಕ್ಕೆ ತಿರುಗದೆಯೇ, "ರೀ, ಯಾಕ ಹಂಗ ಉಸುರು ಬಿಡಾಕತ್ತೀರಿ?"

ನಾನು ದೊಡ್ಡಪ್ಪನ ಕಡೆ ನೋಡಿದೆ. ಅವರಿಗೆ ಅಂಟಿಕೊಂಡೇ ಕುಳಿತಿದ್ದ ನನಗೆ ಏನೂ ತಿಳಿದಿರಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಕುತ್ತಿಗೆಯಲ್ಲಿ ಬೆವರಿಳಿಯುತ್ತಿತ್ತು, ಬೆರಳು ನಡುಗುತ್ತಿದ್ದವು. "ಏನಿಲ್ಲ, ಸ್ವಲ್ಪ ಕಣ್ಣು ಕತ್ಲ ಬಂದಂಗ ಆಗ್ಯಾದ" ಎಂದರು.

ದೊಡ್ಡವ್ವ ಅಲ್ಲೇ ಕಾರು ತಿರುಗಿಸಿದಳು. ಸುರಪುರದ ಕಡೆ ಆಕೆ ಓಡಿಸಿದ ರೀತಿ ನೋಡಿ ಕಾರಿನವನು ಬಾಗಿಲಿನ ಹಿಡಿಕೆ ಹಿಡಿದುಕೊಂಡ. ಕಲಬುರಗಿಯಿಂದ ಓಡಿಸಿಕೊಂಡು ತಂದ ಕಾರು, ಚಾರ್ಜ್ ಪೂರ್ತಿ ಇರಲಿಲ್ಲ. ಮುಂದಿನ ಪರದೆಯಲ್ಲಿ ಬ್ಯಾಟರಿಯ ಗೆರೆ ಸಣ್ಣದಾಗುತ್ತಾ ಹೋಗಿ ಕೆಂಪಾಯಿತು.

"ನಿಂತೀತೇನು?" ಆಕೆಯ ದನಿ ನಾನು ಅಲ್ಲಿಯವರೆಗೆ ಕೇಳಿದ್ದಲ್ಲ.

"ನಿಲ್ಲಂಗಿಲ್ರಿ ಅಮ್ಮಾರೆ."

"ಖರೇ ಹೇಳು."

"ನಿಲ್ಲಂಗಿಲ್ಲ. ನನ್ನ ಮ್ಯಾಲ ಭರೋಸಾ ಇಡ್ರಿ."

ಗೆರೆ ಇಲ್ಲವಾಯಿತು. ನಾನು ದೊಡ್ಡಪ್ಪನ ಕೈ ಹಿಡಿದುಕೊಂಡೆ. ಒಂದು ಸಣ್ಣ ಅದುರು ಬಂತು, ಪೆಟ್ರೋಲ್ ಎಂಜಿನ್ ಶುರುವಾಯಿತು. ಕಾರು ಒಂದು ಕ್ಷಣವೂ ತಡೆಯಲಿಲ್ಲ. ದೊಡ್ಡವ್ವನ ಭುಜ ಮಾತ್ರ ಸ್ವಲ್ಪ ಇಳಿದದ್ದು ಹಿಂದಿನಿಂದ ಕಂಡಿತು.

ಆಸ್ಪತ್ರೆಯಲ್ಲಿ ದೊಡ್ಡಪ್ಪನನ್ನು ಒಳಗೆ ಕರೆದೊಯ್ದರು. ಇಸಿಜಿ ಮಾಡಿದರು, ರಕ್ತ ನೋಡಿದರು. ಹೊರಗೆ ದೊಡ್ಡವ್ವ ಗೋಡೆಗೆ ಒರಗಿ ನಿಂತಳು, ಕುಳಿತುಕೋ ಎಂದರೂ ಕೂರಲಿಲ್ಲ. ಬಹಳ ಹೊತ್ತಾದ ಮೇಲೆ ಡಾಕ್ಟರಮ್ಮ ಬಂದು, "ಹಾರ್ಟ್ ಚಲೋ ಅದ. ಸಕ್ಕರಿ ಕಡಿಮಿ ಆಗಿತ್ತು. ಶುಗರಿನ ಗುಳಿಗಿ ತಗೊಂಡಾರ, ಊಟ ಮಾಡಿಲ್ಲ" ಎಂದರು.

ದೊಡ್ಡವ್ವ ಒಳಗೆ ಹೋಗಿ ಮಂಚದ ಪಕ್ಕ ನಿಂತಳು. "ಯಾಕ ಉಂಡಿಲ್ಲ?"

ದೊಡ್ಡಪ್ಪ ಗ್ಲೂಕೋಸ್ ಕುಡಿಯುತ್ತಾ ಮೆತ್ತಗೆ ಹೇಳಿದರು, "ಸಂಜಿಗೆ ನೀ ಯಾವ ಗಾಡಿ ಅಂತೀಯೋ ಅಂತ ಚಿಂತಿ. ರೊಟ್ಟಿ ಗಂಟಲದಾಗ ಇಳೀಲಿಲ್ಲ."

ಬೇರೆ ದಿನವಾಗಿದ್ದರೆ ಇದಕ್ಕೆ ಏನೇನು ಉತ್ತರ ಬರುತ್ತಿತ್ತೋ. ಆವತ್ತು ಆಕೆ ಅವರ ಹೊದಿಕೆ ಸರಿಮಾಡಿ ಹೊರಗೆ ಬಂದಳು.

ಸಂಜೆಯವರೆಗೆ ಇರಿಸಿಕೊಳ್ಳುತ್ತೇವೆ ಎಂದರು. ಅಷ್ಟರಲ್ಲಿ ಕಾರಿನವನು ಎದುರಿನ ಚಹಾದ ಅಂಗಡಿಯ ಪ್ಲಗ್ಗಿಗೆ ವಯರು ಸಿಕ್ಕಿಸಿ ಕಾರನ್ನು ಚಾರ್ಜಿಗೆ ಹಾಕಿದ್ದ. ಅಂಗಡಿಯವನು ತನ್ನ ಫ್ರಿಜ್ ಬಂದ್ ಮಾಡಿ ಜಾಗ ಕೊಟ್ಟಿದ್ದ; ನೋಡಲು ಬಂದ ಜನರಿಂದ ಅವನ ಚಹಾ ಚೆನ್ನಾಗಿ ಖರ್ಚಾಯಿತು. ಹೊರಡುವ ಹೊತ್ತಿಗೆ ಕಾರಿನವನು ಅಂಜುತ್ತಲೇ ಕೇಳಿದ, "ಅಮ್ಮಾರೆ, ಹಂಗಾದ್ರ ಕೆಂಪುದು ಪಕ್ಕಾ ಮಾಡ್ಲೇನ್ರಿ?"

"ಬಿಳೀದು."

"ಬಿಳೀದೇನ್ರಿ?"

"ಕನ್ನಡದಾಗೇ ಹೇಳೀನಿ, ಬಿಳೀದು."

ಅವನು ನನ್ನ ಮುಖ ನೋಡಿ ವಯರು ಸುತ್ತತೊಡಗಿದ. ನನಗೂ ಅರ್ಥವಾಗಲಿಲ್ಲ.

ಶಹಾಪುರದ ದಾರಿಯಲ್ಲಿ ದೊಡ್ಡವ್ವ ಬಹಳ ನಿಧಾನ ಓಡಿಸಿದಳು. ಆಟೋಗಳು ದಾಟಿ ಹೋದವು, ಒಬ್ಬ ಸೈಕಲ್ಲಿನವನೂ ಸ್ವಲ್ಪ ದೂರ ಜೊತೆಗೇ ಬಂದ. ವೇಗ ಹೆಚ್ಚಿಸಿದರೆ ಎಂಜಿನ್ ಶುರುವಾಗಿ ಸದ್ದು ಮಾಡುತ್ತದೆಂದು ಕಾರಿನವನನ್ನು ಕೇಳಿ ತಿಳಿದುಕೊಂಡಿದ್ದಳು. ದೊಡ್ಡಪ್ಪ ಸೀಟಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದರು. ನಾನು ಏನೋ ಹೇಳಲು ಹೊರಟೆ.

"ಸುಮ್ಮನಿರಪಾ ತಮ್ಮಾ" ಎಂದಳು ಮೆಲ್ಲಗೆ. "ನೀ ಮಾತಾಡಿದ್ರ ಇವರ ಉಸುರು ಕೇಳಂಗಿಲ್ಲ."

ಹಿಂದಿನಿಂದ ಬಸ್ಸೊಂದು ಬಂದು ಹಾರ್ನ್ ಹೊಡೆಯಿತು. ದೊಡ್ಡವ್ವ ರಸ್ತೆಯ ಅಂಚಿಗೆ ಸರಿದು ಕಾರು ನಿಲ್ಲಿಸಿ ದಾರಿ ಬಿಟ್ಟಳು. ಬಸ್ಸಿನ ಸದ್ದು ದೂರ ಹೋಗುವವರೆಗೂ ಸ್ಟೇರಿಂಗ್ ಹಿಡಿದು ತಲೆ ಓರೆ ಮಾಡಿ ಕಾದಳು. ಹಿಂದಿನ ಸೀಟಿನಿಂದ ಮತ್ತೆ ಉಸಿರು ಕೇಳಿಸಿತು, ಮೇಲೆ, ಕೆಳಗೆ, ಸಮವಾಗಿ. ಆಮೇಲೆಯೇ ಬ್ರೇಕಿನ ಮೇಲಿನ ಕಾಲು ತೆಗೆದಳು.